ಗವರ್ನರ್ ಯಾರ ಮಾತು ಕೇಳಬೇಕು? ಟೊರೊಂಟೊದ 1837ರ ದಂಗೆ

ಕೆನಡಾದಲ್ಲಿರುವ ನನ್ನ ತಂಗಿ ಅಲ್ಲಿನ ಪೌರತ್ವ ಪರೀಕ್ಷೆಗೆ ಓದುತ್ತಿದ್ದಾಳೆ. 20 ಪ್ರಶ್ನೆ, ಪಾಸಾಗಲು 15 ಸರಿ ಇರಬೇಕು. ಸರ್ಕಾರವೇ ಒಂದು ಪುಸ್ತಿಕೆ ಕೊಡುತ್ತದೆ, ಪ್ರಶ್ನೆ ಬರುವುದು ಅದರಿಂದಲೇ. ಹೋದ ಭಾನುವಾರ ಫೋನ್ ಮಾಡಿದವಳು ಮಕ್ಕಳ ಸುದ್ದಿ, ಚಳಿಯ ಸುದ್ದಿ ಮುಗಿಸಿ, "ಅಣ್ಣಾ, 1837ರಲ್ಲಿ ಇಲ್ಲಿ ದಂಗೆ ಆಯ್ತಂತೆ, ದಂಗೆ ಎದ್ದವರು ಸೋತರಂತೆ, ಆಮೇಲೆ ಅವರು ಕೇಳಿದ್ದು ಸಿಕ್ತಂತೆ. ಸೋತ ಮೇಲೆ ಹೇಗೆ ಸಿಗತ್ತೆ?" ಅಂದಳು. ಅದರ ಹಿಂದೆಯೇ ಇನ್ನೊಂದು: "ರೆಸ್ಪಾನ್ಸಿಬಲ್ ಗವರ್ನಮೆಂಟ್ ಅಂತ ಬರೆದಿದಾರೆ. ಸರ್ಕಾರ ಅಂದ್ಮೇಲೆ ಜವಾಬ್ದಾರಿಯಿಂದ ಇರಲೇಬೇಕಲ್ವಾ? ಅದನ್ನೇನು ಹೋರಾಡಿ ತಗೊಳ್ಳೋದು?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಕೆನಡಾಕ್ಕೆ ಹೋಗಿರುವ ಕನ್ನಡದವರು ಈಗ ಬಹಳ. ಇದನ್ನು ಓದಬೇಕಾದವಳು ನನ್ನ ತಂಗಿ ಒಬ್ಬಳೇ ಇರಲಿಕ್ಕಿಲ್ಲ. ಅವಳಿಗೆ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಆ ಪದ

ಇಲ್ಲಿ ಜವಾಬ್ದಾರಿ ಅಂದರೆ ಶಿಸ್ತು, ಒಳ್ಳೆಯ ನಡತೆ ಅಂತ ಅಲ್ಲ. ಯಾರಿಗೆ ಉತ್ತರ ಹೇಳಬೇಕು ಅನ್ನುವುದು. ಸರ್ಕಾರ ನಡೆಸುವ ಮಂತ್ರಿಗಳು ಜನ ಆರಿಸಿದ ಸಭೆಗೆ ಉತ್ತರ ಹೇಳಬೇಕು. ಆ ಸಭೆಯ ಬೆಂಬಲ ತಪ್ಪಿದ ದಿನ ಕುರ್ಚಿ ಬಿಡಬೇಕು. ಇಷ್ಟೇ ಜವಾಬ್ದಾರಿ ಸರ್ಕಾರ.

ಈ ಪದ ನಮಗೇನೂ ಹೊಸದಲ್ಲ. ಹಳೇ ಮೈಸೂರಿನ ಕಡೆಯ ಹಿರಿಯರನ್ನು ಕೇಳಿ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಪ್ರತಿನಿಧಿಗಳು ಬಂದು ಅಹವಾಲು ಹೇಳಿಕೊಳ್ಳುತ್ತಿದ್ದರು, ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಆದರೆ ದಿವಾನರು ಉತ್ತರ ಕೊಡಬೇಕಾಗಿದ್ದು ಮಹಾರಾಜರಿಗೆ, ಸಭೆಗಲ್ಲ. ಸಭೆಗೆ ಸಿಟ್ಟು ಬಂದರೂ ದಿವಾನರ ಕೆಲಸ ಹೋಗುತ್ತಿರಲಿಲ್ಲ. ಶಿವಪುರದ ಧ್ವಜ ಸತ್ಯಾಗ್ರಹದಿಂದ 1947ರ 'ಮೈಸೂರು ಚಲೋ' ತನಕ ಮೈಸೂರು ಕಾಂಗ್ರೆಸ್ಸಿನವರ ಬೇಡಿಕೆ ಇದೇ, ಇದೇ ಹೆಸರಿನಲ್ಲಿ: ಜವಾಬ್ದಾರಿ ಸರ್ಕಾರ. 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗ ಅದು ಈಡೇರಿತು.

ಅದೇ ಜಗಳ ಸುಮಾರು ನೂರು ವರ್ಷ ಮೊದಲು ಟೊರೊಂಟೊದಲ್ಲಿ ನಡೆದಿತ್ತು.

ಬಿಲ್ಡರ್ ಲಂಡನ್ನಿನಲ್ಲಿ, ಮ್ಯಾನೇಜರ್ ಇಲ್ಲಿ

ಆಗ ಕೆನಡಾ ಎಂಬ ಒಂದು ದೇಶವೇ ಇರಲಿಲ್ಲ. ಬ್ರಿಟಿಷರು 1791ರ ಕಾಯ್ದೆಯಲ್ಲಿ ತಮ್ಮ ದೊಡ್ಡ ವಸಾಹತನ್ನು ಎರಡು ಮಾಡಿದ್ದರು. ಸೇಂಟ್ ಲಾರೆನ್ಸ್ ನದಿಯ ಕೆಳಗಿನ ಭಾಗ, ಅಂದರೆ ಫ್ರೆಂಚ್ ಮಾತನಾಡುವ ಜನ ಜಾಸ್ತಿ ಇದ್ದ ಇಂದಿನ ಕ್ವಿಬೆಕ್, ಲೋವರ್ ಕೆನಡಾ. ನದಿಯ ಮೇಲ್ಭಾಗದಲ್ಲಿದ್ದ ಇಂದಿನ ಒಂಟಾರಿಯೊ ಅಪ್ಪರ್ ಕೆನಡಾ. ನಕಾಶೆಯಲ್ಲಿ ನೋಡಿದರೆ ಅಪ್ಪರ್ ಅನ್ನುವುದು ಕೆಳಗಿದೆ, ಲೋವರ್ ಮೇಲಿದೆ! ಹೆಸರು ಇಟ್ಟಿದ್ದು ನದಿಯ ಹರಿವು ನೋಡಿ, ದಿಕ್ಕು ನೋಡಿ ಅಲ್ಲ. ನಮ್ಮ ಕಥೆ ನಡೆಯುವುದು ಅಪ್ಪರ್ ಕೆನಡಾದಲ್ಲಿ. 1837ರ ಹೊತ್ತಿಗೆ ಅಲ್ಲಿದ್ದ ಜನ ಸುಮಾರು 4 ಲಕ್ಷ.

ಅಲ್ಲಿನ ಸರ್ಕಾರದ ಕಟ್ಟಡವನ್ನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಅಂದುಕೊಳ್ಳಿ. ನಿವಾಸಿಗಳು ಸೇರಿ ಸಮಿತಿ ಆರಿಸುತ್ತಾರೆ. ಇದು ಶಾಸನ ಸಭೆ. ಆದರೆ ಮ್ಯಾನೇಜರನ್ನು ನೇಮಿಸುವವನು ಬಿಲ್ಡರ್, ಅವನು ಇರುವುದು ಲಂಡನ್ನಿನಲ್ಲಿ. ಆ ಮ್ಯಾನೇಜರೇ ಲೆಫ್ಟಿನೆಂಟ್ ಗವರ್ನರ್. ಅವನಿಗೆ ಸಲಹೆ ಕೊಡಲು ಒಂದು ಕಾರ್ಯಕಾರಿ ಮಂಡಳಿ, ಸಮಿತಿಯ ನಿರ್ಣಯಗಳನ್ನು ತಡೆಯಲು ಒಂದು ಮೇಲ್ಮನೆ. ಎರಡಕ್ಕೂ ಚುನಾವಣೆ ಇಲ್ಲ, ನೇಮಕ ಮಾತ್ರ. ಸಮಿತಿ ಏನೇ ನಿರ್ಣಯ ಮಾಡಲಿ, ಮ್ಯಾನೇಜರ್ "ಆಗಲಿ, ನೋಡೋಣ" ಅಂದು ಡ್ರಾಯರಿನಲ್ಲಿ ಇಟ್ಟುಬಿಡಬಹುದು.

ಹಾಗಾದರೆ ಮೇಂಟೆನೆನ್ಸ್ ದುಡ್ಡು ಕೊಡುವುದಿಲ್ಲ ಅಂತ ಹಟ ಹಿಡಿಯಬಹುದಲ್ವಾ? ಹಿಡಿದರು. ಆದರೆ ಬಿಲ್ಡರಿಗೆ ಕೆಳಗಿನ ಅಂಗಡಿಗಳ ಬಾಡಿಗೆ ಬೇರೆ ಬರುತ್ತದೆ. ಗವರ್ನರಿಗೂ ಹಾಗೇ, ಸರ್ಕಾರಿ ಜಮೀನು ಮಾರಿದ ಹಣದಂಥ ಬೇರೆ ಆದಾಯವಿತ್ತು. ಸಭೆ ಬಜೆಟ್ ತಡೆದರೆ ಸ್ವಲ್ಪ ತೊಂದರೆ ಆಗುತ್ತಿತ್ತು, ಅಷ್ಟೇ. ಆಡಳಿತ ಮಾತ್ರ ಅದೇ ಕೈಗಳಲ್ಲಿ ಉಳಿಯುತ್ತಿತ್ತು.

ಆ ಕೈಗಳಿಗೆ ಜನ ಇಟ್ಟ ಅಡ್ಡಹೆಸರು 'ಫ್ಯಾಮಿಲಿ ಕಾಂಪ್ಯಾಕ್ಟ್'. ಕುಟುಂಬ ಕೂಟ ಅನ್ನಬಹುದು. ಎಲ್ಲರೂ ನೆಂಟರೇನಲ್ಲ, ಆದರೆ ಒಂದೇ ಗುಂಪು. ಅದರ ಮಧ್ಯದಲ್ಲಿ ಇಂಗ್ಲೆಂಡ್ ಚರ್ಚಿನ ಪಾದ್ರಿ ಜಾನ್ ಸ್ಟ್ರಾಕನ್. ಮೊದಲು ಅವರು ಶಾಲೆ ನಡೆಸುತ್ತಿದ್ದರು. ಅಲ್ಲಿ ಓದಿದ ಹುಡುಗರೇ ಮುಂದೆ ನ್ಯಾಯಾಧೀಶರು, ಅಧಿಕಾರಿಗಳು. ಮುಖ್ಯ ನ್ಯಾಯಾಧೀಶ ಜಾನ್ ಬೆವರ್ಲಿ ರಾಬಿನ್ಸನ್ ಸ್ಟ್ರಾಕನ್ನರ ಶಿಷ್ಯ. ಬ್ಯಾಂಕು, ಕೋರ್ಟು, ಜಮೀನು ಹಂಚಿಕೆ ಎಲ್ಲಿ ನೋಡಿದರೂ ಅದೇ ಹತ್ತಾರು ಹೆಸರುಗಳು.

ಖಾಲಿ ಜಮೀನಿನ ಕಾಟ

ಗವರ್ನರ್ ಯಾರ ಮಾತು ಕೇಳಿದರೆ ಕಾಡು ಕಡಿದು ಹೊಲ ಮಾಡುವ ರೈತನಿಗೇನು? ಅವನಿಗೆ ಇದು ತಟ್ಟಿದ್ದು ರಸ್ತೆಯಲ್ಲಿ.

1791ರ ಕಾಯ್ದೆ ಜಮೀನಿನ ಏಳನೇ ಒಂದು ಪಾಲನ್ನು ಪ್ರಾಟೆಸ್ಟಂಟ್ ಪಾದ್ರಿಗಳ ಖರ್ಚಿಗೆಂದು ತೆಗೆದಿರಿಸಿತ್ತು. ಅನುಭವಿಸಿದ್ದು ಹೆಚ್ಚಾಗಿ ಇಂಗ್ಲೆಂಡ್ ಚರ್ಚು. ಮೆಥಡಿಸ್ಟರಂಥ ಉಳಿದ ಪಂಗಡದವರಿಗೆ ಬರೀ ಹೊಟ್ಟೆಯುರಿ. ಇನ್ನೊಂದು ಏಳನೇ ಪಾಲು ರಾಜನ ಹೆಸರಿನಲ್ಲಿ. ಇವು ಊರಾಚೆ ಒಂದು ಕಡೆ ಇದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ರೈತರ ಹೊಲಗಳ ನಡುನಡುವೆಯೇ ಹಂಚಿಹೋಗಿದ್ದವು.

ಅಲ್ಲಿ ಜಮೀನು ಪಡೆದವನು ತನ್ನ ಜಮೀನಿನ ಮುಂದಿನ ರಸ್ತೆಯನ್ನು ತಾನೇ ಕಡಿದು ಸಮ ಮಾಡಬೇಕು. ಅವನು ಮಾಡಿದ, ಪಕ್ಕದವನೂ ಮಾಡಿದ. ಅದರಾಚೆ ಚರ್ಚಿನ ಖಾಲಿ ಜಮೀನು. ಅಲ್ಲಿ ಮಾಡುವವರು ಯಾರು? ರಸ್ತೆ ಅಲ್ಲಿಗೆ ನಿಂತಿತು. ಮುಂದೆ ಕಾಡು, ಕೆಸರು, ಬಿದ್ದ ಮರ. ಗೋಧಿ ಮೂಟೆ ಹೇರಿದ ಗಾಡಿ ಹಿಟ್ಟಿನ ಗಿರಣಿಗೆ ಹೋಗಬೇಕೆಂದರೆ ಇದನ್ನೆಲ್ಲ ದಾಟಬೇಕು. ಸಭೆ ಇದನ್ನು ಸರಿಪಡಿಸಿ ಅಂತ ಕೇಳುತ್ತದೆ, ಮೇಲ್ಮನೆ ತಡೆಯುತ್ತದೆ. ಮೇಲ್ಮನೆಯಲ್ಲಿ ಕೂತಿರುವವರಲ್ಲಿ ಸ್ಟ್ರಾಕನ್ ಕೂಡ ಒಬ್ಬರು!

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಹಕ್ಕು ಕೇಳುತ್ತಿದ್ದ ಈ ರೈತರು ನಿಂತಿದ್ದ ನೆಲ ಮೂಲತಃ ಅಲ್ಲಿನ ಆದಿವಾಸಿಗಳದು. ಟೊರೊಂಟೊ ಸುತ್ತ ಇದ್ದವರು ಮಿಸಿಸಾಗ ಜನ. ನನ್ನ ತಂಗಿ ಇರುವ ಊರಿನ ಹೆಸರೂ ಅವರದೇ. ಸುಧಾರಣೆಯ ಪಟ್ಟಿಯಲ್ಲಿ ಅವರ ಲೆಕ್ಕ ಇರಲಿಲ್ಲ. ವೋಟು ಇದ್ದದ್ದೂ ಆಸ್ತಿ ಇರುವ ಗಂಡಸರಿಗೆ ಮಾತ್ರ. ಅದನ್ನೂ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು, ಗುಟ್ಟಿನ ಮತದಾನವಲ್ಲ.

ಸರೋವರಕ್ಕೆ ಬಿದ್ದ ಅಚ್ಚುಮೊಳೆಗಳು

ವಿಲಿಯಂ ಲಯನ್ ಮೆಕೆಂಜಿ ಹುಟ್ಟಿದ್ದು 1795ರಲ್ಲಿ, ಸ್ಕಾಟ್ಲೆಂಡಿನ ಡಂಡೀಯಲ್ಲಿ. ಹುಟ್ಟಿದ ಕೆಲವೇ ವಾರಕ್ಕೆ ತಂದೆ ತೀರಿಕೊಂಡರು, ಬೆಳೆಸಿದ್ದು ತಾಯಿ. 1820ರಲ್ಲಿ ಕೆನಡಾಕ್ಕೆ ಬಂದ. ಕುಳ್ಳಗಿನ ಆಳು, ಕೆಂಪು ವಿಗ್ಗು, ಸುಮ್ನೆ ಕೂರಲು ಬಾರದ ಸ್ವಭಾವ. 1824ರಲ್ಲಿ 'ಕಲೋನಿಯಲ್ ಅಡ್ವೊಕೇಟ್' ಅನ್ನುವ ಪತ್ರಿಕೆ ಶುರು ಮಾಡಿದ. ಕುಟುಂಬ ಕೂಟದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಿದ್ದ. ಬೈಗುಳದಲ್ಲಿ ಹದ ಇರಲಿಲ್ಲ ಅಂತಲೇ ನನಗನ್ನಿಸುತ್ತದೆ. ಅವರವರ ಅಜ್ಜಿ ತಾತನ ತನಕ ಹೋಗುತ್ತಿದ್ದ.

1826ರ ಹೊತ್ತಿಗೆ ಪತ್ರಿಕೆ ಸಾಲದಲ್ಲಿ ಮುಳುಗಿತ್ತು. ಸಾಲ ಕೊಟ್ಟವರ ಕಾಟ ತಪ್ಪಿಸಿಕೊಳ್ಳಲು ಮೆಕೆಂಜಿ ಊರಲ್ಲೇ ಇರಲಿಲ್ಲ. ಇನ್ನೇನು ಮುಚ್ಚಬೇಕು ಅನ್ನುವಾಗ, ಜೂನ್ 8ರಂದು, ದೊಡ್ಡ ಮನೆತನಗಳ ಹುಡುಗರ ಒಂದು ಗುಂಪು ಪ್ರೆಸ್ಸಿಗೆ ನುಗ್ಗಿತು. ಯಂತ್ರ ಮುರಿದರು. ಅಚ್ಚಿನ ಮೊಳೆಗಳನ್ನು ನೆಲಕ್ಕೆ ಚೆಲ್ಲಿದರು, ಒಂದಿಷ್ಟನ್ನು ಹೊತ್ತುಕೊಂಡು ಹೋಗಿ ಒಂಟಾರಿಯೊ ಸರೋವರಕ್ಕೆ ಎಸೆದರು. ಅಚ್ಚುಮೊಳೆ ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ತುಂಡು. ಅದನ್ನು ಜೋಡಿಸಿದರೇ ಪತ್ರಿಕೆ. ಮೊಳೆ ಹೋದರೆ ಪತ್ರಿಕೆಯ ಬಾಯೇ ಹೋದಂತೆ. ಇದೆಲ್ಲ ಹಾಡಹಗಲೇ ನಡೆಯಿತು, ಯಾರೂ ತಡೆಯಲಿಲ್ಲ.

ಮೆಕೆಂಜಿ ಕೋರ್ಟಿಗೆ ಹೋದ, ಗೆದ್ದ. 625 ಪೌಂಡ್ ಪರಿಹಾರ ಸಿಕ್ಕಿತು. ಆಗಿನ ಕಾಲಕ್ಕೆ ಅದು ಭಾರಿ ಮೊತ್ತ. ಸಾಲ ತೀರಿತು, ಹೊಸ ಮೊಳೆ ಬಂತು, ಸಾಯಬೇಕಿದ್ದ ಪತ್ರಿಕೆ ಎದ್ದು ಕೂತಿತು. ಮುಗಿಸಲು ಬಂದವರೇ ಉಳಿಸಿಕೊಟ್ಟರು! ಅದರ ಜೊತೆಗೆ ಅವನು ಹೀರೋ ಕೂಡ ಆದ. 1828ರಲ್ಲಿ ಯಾರ್ಕ್ ಕೌಂಟಿಯಿಂದ ಶಾಸನ ಸಭೆಗೆ ಆರಿಸಿಬಂದ.

ಸಭೆಯಲ್ಲಿ ಆಗ ಬಹುಮತ ಬದಲಾಗುತ್ತಲೇ ಇತ್ತು. 1831ರ ಕೊನೆಯಲ್ಲಿ ಬಹುಮತ ಕೂಟದ ಕಡೆಯವರದು. ಪತ್ರಿಕೆಯಲ್ಲಿ ಬರೆದದ್ದು ಮಾನಹಾನಿ ಅಂತ ಅವನನ್ನು ಸಭೆಯಿಂದ ಹೊರಹಾಕಿದರು. 1832ರ ಜನವರಿ 2ರಂದು ಉಪಚುನಾವಣೆ. ಅವನಿಗೆ 119 ಮತ, ಎದುರಾಳಿಗೆ ಒಂದೇ ಒಂದು. ಜನ ಚಿನ್ನದ ಪದಕ ಹಾಕಿ ಜಾರುಗಾಡಿಗಳಲ್ಲಿ ಮೆರವಣಿಗೆ ಮಾಡಿದರು. ಒಂದು ಜಾರುಗಾಡಿಯ ಮೇಲೆ ಸಣ್ಣ ಅಚ್ಚಿನ ಯಂತ್ರ ಇಟ್ಟುಕೊಂಡು ಕರಪತ್ರ ಮುದ್ರಿಸುತ್ತ ಹಂಚುತ್ತ ಹೋದರಂತೆ. ಸಭೆ ಮತ್ತೆ ಹೊರಹಾಕಿತು, ಜನ ಮತ್ತೆ ಗೆಲ್ಲಿಸಿದರು. ಇದು ಹೀಗೇ ನಡೆಯಿತು. 1834ರಲ್ಲಿ ಯಾರ್ಕ್ ಅನ್ನುವ ಊರು ಟೊರೊಂಟೊ ಎಂಬ ನಗರವಾದಾಗ ಅದರ ಮೊದಲ ಮೇಯರ್ ಇವನೇ. ಮರದ ಹಲಗೆಯ ಫುಟ್‌ಪಾತ್ ಹಾಕಿಸಲು ತೆರಿಗೆ ಏರಿಸಿದ, ಮುಂದಿನ ವರ್ಷ ಸೋತ. ಫುಟ್‌ಪಾತ್ ಬೇಕು, ತೆರಿಗೆ ಬೇಡ ಅನ್ನುವುದು ಯಾವ ಊರಲ್ಲೂ ಹೊಸದಲ್ಲ ಬಿಡಿ.

ಬಂದೂಕು ಯಾಕೆ ಬಂತು

ಇಲ್ಲಿ ಇನ್ನೊಬ್ಬನ ಪರಿಚಯ ಆಗಬೇಕು. ರಾಬರ್ಟ್ ಬಾಲ್ಡ್ವಿನ್. ವಕೀಲ, ಸಂಕೋಚದ ಮನುಷ್ಯ, ಒಳ್ಳೆಯ ಭಾಷಣಕಾರನೂ ಅಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ: ಬ್ರಿಟನ್ನಿನಲ್ಲಿ ರಾಜ ಮಂತ್ರಿಗಳ ಮಾತು ಕೇಳುತ್ತಾನೆ, ಮಂತ್ರಿಗಳು ಪಾರ್ಲಿಮೆಂಟಿಗೆ ಉತ್ತರ ಹೇಳುತ್ತಾರೆ. ಅದೇ ಕ್ರಮ ಇಲ್ಲೂ ಬರಲಿ. ಮೆಕೆಂಜಿಯ ಮನಸ್ಸು ದಿನಕಳೆದಂತೆ ಅಮೆರಿಕದ ಕಡೆ ವಾಲಿತು. ಗವರ್ನರ್, ಮೇಲ್ಮನೆ ಎಲ್ಲವನ್ನೂ ಜನರೇ ಆರಿಸಲಿ, ರಾಜನ ಹಂಗೇ ಬೇಡ ಅನ್ನುವ ಕಡೆಗೆ. ಇಬ್ಬರನ್ನೂ ಸುಧಾರಣಾವಾದಿಗಳು ಅನ್ನುತ್ತಾರೆ, ಆದರೆ ಇಬ್ಬರು ಕೇಳಿದ್ದು ಬೇರೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಯಲ್ಲಿ ಬೇಕಾಗುತ್ತದೆ.

1836ರ ಜನವರಿಯಲ್ಲಿ ಹೊಸ ಗವರ್ನರ್ ಬಂದ, ಸರ್ ಫ್ರಾನ್ಸಿಸ್ ಬಾಂಡ್ ಹೆಡ್. ಅದಕ್ಕೂ ಮುಂಚೆ ಇಂಗ್ಲೆಂಡಿನ ಕೆಂಟ್‌ನಲ್ಲಿ ಬಡವರ ಕಾಯ್ದೆಯ ಅಧಿಕಾರಿ, ರಾಜಕೀಯದ ಅನುಭವ ಇಲ್ಲ. ಶುರುವಿನಲ್ಲಿ ಬಾಲ್ಡ್ವಿನ್‌ನನ್ನು ತನ್ನ ಕಾರ್ಯಕಾರಿ ಮಂಡಳಿಗೆ ಸೇರಿಸಿಕೊಂಡ. ಜನರಿಗೆ ಖುಷಿಯೋ ಖುಷಿ. ಆದರೆ ಸೇರಿಸಿಕೊಂಡನೇ ಹೊರತು ಏನನ್ನೂ ಕೇಳಲಿಲ್ಲ. ಮಾರ್ಚ್‌ನಲ್ಲಿ ಮಂಡಳಿಯ ಆರೂ ಜನ, ಹಳೆಯ ಕೂಟದ ಕಡೆಯವರೂ ಸೇರಿ, ರಾಜೀನಾಮೆ ಕೊಟ್ಟರು. ಸಭೆ ಸಿಟ್ಟಾಗಿ ಬಜೆಟ್ ತಡೆಯಿತು. ಹೆಡ್ ಸಭೆಯನ್ನೇ ವಿಸರ್ಜಿಸಿದ. ಚುನಾವಣೆಯಲ್ಲಿ ಗವರ್ನರ್ ತಾನೇ ಪ್ರಚಾರಕ್ಕೆ ಇಳಿದು, ಇದು ಬ್ರಿಟಿಷ್ ದೊರೆಗೆ ನಿಷ್ಠರಾದವರಿಗೂ ಅಮೆರಿಕದ ಪರ ಇರುವವರಿಗೂ ನಡುವಿನ ಜಗಳ ಅಂತ ಬಿಂಬಿಸಿದ. ಸುಧಾರಣಾವಾದಿಗಳು ಮಣ್ಣು ಮುಕ್ಕಿದರು. ಮೆಕೆಂಜಿಯೂ ಸೋತ.

ಅದರ ಮೇಲೆ ಬೆಳೆ ಕೈಕೊಟ್ಟಿತು. 1837ರಲ್ಲಿ ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಆರ್ಥಿಕ ಕುಸಿತ, ಸಾಲ ಕೊಟ್ಟವರು ವಸೂಲಿಗೆ ನಿಂತರು. ಮೆಕೆಂಜಿ ಹಳ್ಳಿಹಳ್ಳಿ ತಿರುಗಿ ಸಭೆ ಮಾಡಿದ. ನವೆಂಬರಿನಲ್ಲಿ ಲೋವರ್ ಕೆನಡಾದಲ್ಲಿ ಅಲ್ಲಿನ ನಾಯಕ ಪಪಿನೋ ಬೆಂಬಲಿಗರ ದಂಗೆ ಸಿಡಿಯಿತು. ಅದು ಇದಕ್ಕಿಂತ ಎಷ್ಟೋ ದೊಡ್ಡದು, ಅದರ ಕಥೆಯೇ ಬೇರೆ. ಅದನ್ನು ಹತ್ತಿಕ್ಕಲು ಹೆಡ್ ಟೊರೊಂಟೊದಲ್ಲಿದ್ದ ಸೈನಿಕರನ್ನು ಕಳಿಸಿಬಿಟ್ಟ. ನಗರದಲ್ಲಿ ಸೈನ್ಯ ಇಲ್ಲ. ಸಿಟಿ ಹಾಲಿನಲ್ಲಿ ಸುಮಾರು 4,000 ಬಂದೂಕುಗಳಿವೆ, ಸರಿಯಾದ ಕಾವಲೂ ಇಲ್ಲ. ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಅಂತ ಮೆಕೆಂಜಿಗೆ ಅನ್ನಿಸಿತು.

(ಅದೇ 1837ರ ಏಪ್ರಿಲ್‌ನಲ್ಲಿ ನಮ್ಮ ಅಮರ ಸುಳ್ಯದ ದಂಗೆಯವರು ಮಂಗಳೂರು ಹಿಡಿದು 13 ದಿನ ಇಟ್ಟುಕೊಂಡಿದ್ದರು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ರಿಟಿಷರಿಗೆ ಅದು ಎಂಥ ವರ್ಷ ಅಂತ ನೆನಪಾಯಿತು ಅಷ್ಟೇ.)

ಡಿಸೆಂಬರ್ 4ರಿಂದ 7

ಯೋಜನೆ ಸರಳ. ಟೊರೊಂಟೊದ ಉತ್ತರಕ್ಕೆ ಯಂಗ್ ಸ್ಟ್ರೀಟ್ ಮೇಲೆ ಮಾಂಟ್ಗೊಮರಿ ಎಂಬವನ ಹೆಂಡದಂಗಡಿ, ತಂಗುಮನೆ ಇತ್ತು. ಡಿಸೆಂಬರ್ 7ರಂದು ಎಲ್ಲರೂ ಅಲ್ಲಿ ಸೇರಿ ನಗರಕ್ಕೆ ನುಗ್ಗುವುದು, ಬಂದೂಕು ತೆಗೆದುಕೊಳ್ಳುವುದು, ಗವರ್ನರನ್ನು ಹಿಡಿಯುವುದು. ಅಷ್ಟರಲ್ಲಿ ನಗರದಲ್ಲಿದ್ದ ಜೊತೆಗಾರ ಡಾಕ್ಟರ್ ಜಾನ್ ರಾಲ್ಫ್‌ಗೆ ಮೆಕೆಂಜಿಯನ್ನು ಬಂಧಿಸುತ್ತಾರೆ ಅನ್ನುವ ಸುದ್ದಿ ಸಿಕ್ಕಿತು. ಗಾಬರಿಯಾಗಿ ದಿನವನ್ನು 4ಕ್ಕೆ ಬದಲಿಸಿ ಹೇಳಿಕಳಿಸಿದ. ಮೆಕೆಂಜಿ ಬೇಡ, 7ಕ್ಕೇ ಇರಲಿ ಅಂದ. ಅಷ್ಟು ಹೊತ್ತಿಗೆ ಸ್ಯಾಮ್ಯುಯೆಲ್ ಲೌಂಟ್ ತನ್ನ ಜನರನ್ನು ಕರೆದುಕೊಂಡು ಹೊರಟಾಗಿತ್ತು. ಲೌಂಟ್ ಕಮ್ಮಾರ, ಮಾಜಿ ಶಾಸಕ. ಈಟಿಯ ಮೊನೆಗಳನ್ನು ಕುಲುಮೆಯಲ್ಲಿ ತಾನೇ ಬಡಿದು ಮಾಡಿದ್ದ. ಚಳಿಯಲ್ಲಿ ಮೈಲುಗಟ್ಟಲೆ ನಡೆದು ಬಂದು ನೋಡಿದರೆ ತಂಗುಮನೆಯಲ್ಲಿ ಊಟದ ವ್ಯವಸ್ಥೆಯೇ ಇಲ್ಲ! ಮೂರು ದಿನ ಮೊದಲೇ ಬಂದವರಿಗೆ ಯಾರು ಅಡಿಗೆ ಮಾಡಿಟ್ಟಿರುತ್ತಾರೆ?

ಅದೇ ರಾತ್ರಿ ಮೆಕೆಂಜಿ ದಾರಿಯಲ್ಲಿ ಜಾನ್ ಪೊವೆಲ್ ಎಂಬ ನಗರಸಭಾ ಸದಸ್ಯನನ್ನು ಹಿಡಿದ. ಆಯುಧ ಇದೆಯಾ ಅಂತ ಕೇಳಿದ, ಇಲ್ಲ ಅಂದಾಗ ನಂಬಿದ. ಪೊವೆಲ್ ಬಳಿ ಪಿಸ್ತೂಲು ಇತ್ತು. ಅವನು ಗುಂಡು ಹಾರಿಸಿದ್ದು ಆಂಥನಿ ಆಂಡರ್ಸನ್‌ಗೆ. ದಂಗೆಕೋರರಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ನಡೆಸಲು ಗೊತ್ತಿದ್ದವನು ಅವನೊಬ್ಬನೇ ಅನ್ನಬೇಕು. ಪೊವೆಲ್ ತಪ್ಪಿಸಿಕೊಂಡು ಓಡಿ ಹೋಗಿ ಗವರ್ನರನ್ನು ನಿದ್ದೆಯಿಂದ ಎಬ್ಬಿಸಿದ. ಆ ಕಡೆ ತಂಗುಮನೆ ಮುಂದೆ ಕುದುರೆ ಮೇಲೆ ನುಗ್ಗಿಬಂದ ನಿವೃತ್ತ ಕರ್ನಲ್ ರಾಬರ್ಟ್ ಮೂಡಿ ದಂಗೆಕೋರರ ಗುಂಡಿಗೆ ಸತ್ತ. ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ.

ಮರುದಿನ, 5ನೇ ತಾರೀಖು, ಐನೂರಕ್ಕೂ ಹೆಚ್ಚು ಜನ ಯಂಗ್ ಸ್ಟ್ರೀಟ್‌ನಲ್ಲಿ ನಗರದ ಕಡೆ ಹೊರಟರು. ಕೆಲವರ ಕೈಯಲ್ಲಿ ಬಂದೂಕು, ಬಹಳ ಜನರ ಕೈಯಲ್ಲಿ ಈಟಿ, ಹುಲ್ಲೆತ್ತುವ ಕವೆಗೋಲು, ದೊಣ್ಣೆ. ಮುಂದೆ ಮೆಕೆಂಜಿ, ಸಣ್ಣ ಬಿಳಿ ಕುದುರೆ ಮೇಲೆ. ಗುಂಡು ತಾಗದಿರಲಿ ಅಂತ ಒಂದರ ಮೇಲೊಂದು ಕೋಟು ತೊಟ್ಟಿದ್ದ ಅಂತ ನೋಡಿದವರು ಬರೆದಿಟ್ಟಿದ್ದಾರೆ. ಆ ದಿನ ನೇರವಾಗಿ ನುಗ್ಗಿದ್ದರೆ ನಗರ ಸಿಗುತ್ತಿತ್ತೇನೋ. ಗವರ್ನರ್ ಹೊತ್ತು ಕಳೆಯಲು ಸಂಧಾನಕ್ಕೆ ಜನ ಕಳಿಸಿದ. ಯಾರನ್ನು ಗೊತ್ತಾ? ಬಾಲ್ಡ್ವಿನ್ ಮತ್ತು ಅದೇ ರಾಲ್ಫ್‌ನನ್ನು! ಮೆಕೆಂಜಿ ಆ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನ ಮನೆಗೆ ಬೆಂಕಿ ಹಚ್ಚಿಸುತ್ತ ಕೂತ. ಸಂಜೆಯಾಯಿತು.

ಕತ್ತಲಾದ ಮೇಲೆ ಮತ್ತೆ ಹೊರಟರು. ದಾರಿ ಬದಿಯ ಬೇಲಿ ಹಿಂದೆ ಶೆರಿಫ್ ಜಾರ್ವಿಸ್ ಇಪ್ಪತ್ತು ಮೂವತ್ತು ಜನರನ್ನು ಅಡಗಿಸಿ ಕೂರಿಸಿದ್ದ. ಅವರು ಒಂದು ಸುತ್ತು ಗುಂಡು ಹಾರಿಸಿ, ಹೆದರಿ ಓಡಿಹೋದರು. ಇತ್ತ ಲೌಂಟ್‌ನ ಮುಂದಿನ ಸಾಲಿನವರೂ ಗುಂಡು ಹಾರಿಸಿದರು. ಹಿಂದಿನವರಿಗೆ ಜಾಗ ಆಗಲಿ ಅಂತ, ಮತ್ತೆ ಮದ್ದು ತುಂಬಿಕೊಳ್ಳಲು, ನೆಲಕ್ಕೆ ಮಲಗಿದರು. ಹಿಂದಿನವರು ಕತ್ತಲಲ್ಲಿ ನೋಡಿದ್ದೇನು? ಮುಂದಿನ ಸಾಲು ಪೂರ್ತಿ ಬಿದ್ದುಹೋಯಿತು. ಎಲ್ಲರೂ ಸತ್ತರು ಅಂದುಕೊಂಡು ಅವರೂ ಕಾಲಿಗೆ ಬುದ್ಧಿ ಹೇಳಿದರು. ಎರಡೂ ಕಡೆಯವರು ಒಬ್ಬರಿಂದೊಬ್ಬರು ದೂರ ಓಡಿದ ಕಾಳಗ ಇದು.

7ನೇ ತಾರೀಖು ನೆಪೋಲಿಯನ್ ಕಾಲದ ಯುದ್ಧ ನೋಡಿದ್ದ ವ್ಯಾನ್ ಎಗ್ಮಂಡ್ ಸೇನಾಪತಿಯಾಗಿ ಬಂದು ಸೇರಿದ. ಹಳೆಯ ಯೋಜನೆಯ ದಿನಕ್ಕೆ ಸರಿಯಾಗಿಯೇ ಬಂದಿದ್ದ, ಪಾಪ. ಅಷ್ಟರಲ್ಲಿ ಗವರ್ನರ್ ಕಡೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿದ್ದರು. ಎರಡು ಫಿರಂಗಿ, ಬ್ಯಾಂಡು ಸಮೇತ ಯಂಗ್ ಸ್ಟ್ರೀಟ್ ಹತ್ತಿದರು. ಫಿರಂಗಿ ಗುಂಡು ತಂಗುಮನೆಯ ಗೋಡೆ ತೂರಿದ ಮೇಲೆ ಯಾರೂ ನಿಲ್ಲಲಿಲ್ಲ. ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಹೆಡ್ ತಂಗುಮನೆಗೆ ಬೆಂಕಿ ಇಡಿಸಿದ.

ಜನ ಯಾಕೆ ಬರಲಿಲ್ಲ

ಯೋಜನೆ ಕೆಟ್ಟದ್ದು ನಿಜ. ಅದಕ್ಕಿಂತ ದೊಡ್ಡ ಕಾರಣ, ದೂರು ಇದ್ದವರೆಲ್ಲ ಬಂದೂಕು ಹಿಡಿಯಲು ತಯಾರಿರಲಿಲ್ಲ. 1813ರಲ್ಲಿ ಅಮೆರಿಕದ ಸೈನ್ಯ ಇದೇ ಊರಿಗೆ ನುಗ್ಗಿ ಕಟ್ಟಡ ಸುಟ್ಟಿದ್ದು ಜನ ಮರೆತಿರಲಿಲ್ಲ. ಮೆಕೆಂಜಿ ಅಮೆರಿಕದ ಮಾತು ಆಡಿದಷ್ಟೂ ಜನ ಹಿಂದೆ ಸರಿದರು. ಅಲ್ಲಿದ್ದ ಕಪ್ಪು ಜನರಲ್ಲಿ ಎಷ್ಟೋ ಮಂದಿ ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಬ್ರಿಟಿಷ್ ಸಾಮ್ರಾಜ್ಯ 1834ರಲ್ಲಿ ಗುಲಾಮಗಿರಿ ತೆಗೆದುಹಾಕಿತ್ತು. ಅಮೆರಿಕದ ಕೈಗೆ ಹೋದರೆ ತಮ್ಮ ಗತಿ ಏನು ಅಂತ ಗೊತ್ತಿದ್ದ ಅವರು ಸರ್ಕಾರದ ಪರ ತುಕಡಿ ಕಟ್ಟಿ ನಿಂತರು. ಬಾಲ್ಡ್ವಿನ್‌ನಂಥ ಸೌಮ್ಯರಿಗೆ ದಂಗೆ ಬೇಕೇ ಇರಲಿಲ್ಲ. ಕಷ್ಟ ಇರುವವರೆಲ್ಲ ಕ್ರಾಂತಿಗೆ ಸಹಿ ಹಾಕುತ್ತಾರೆ ಅಂತ ಮೆಕೆಂಜಿ ಲೆಕ್ಕ ಹಾಕಿದ್ದ. ತಪ್ಪಿದ್ದು ಆ ಲೆಕ್ಕ.

ಓಡಿಹೋದವನು, ನೇಣಿಗೇರಿದವರು

ಮೆಕೆಂಜಿ ತಲೆಗೆ 1,000 ಪೌಂಡ್ ಬಹುಮಾನ. ರೈತರ ಮನೆಗಳಲ್ಲಿ ಅಡಗುತ್ತ, ಕೊರೆಯುವ ತೊರೆ ದಾಟುತ್ತ ನಯಾಗರ ನದಿ ಮುಟ್ಟಿ ಅಮೆರಿಕ ಸೇರಿಕೊಂಡ. ಅಷ್ಟು ದುಡ್ಡಿಗೂ ಯಾರೂ ಅವನನ್ನು ಹಿಡಿದುಕೊಡಲಿಲ್ಲ.

ಅಲ್ಲಿಗೂ ಸುಮ್ಮನಾಗಲಿಲ್ಲ. ನಯಾಗರದ ನೇವಿ ದ್ವೀಪದಲ್ಲಿ ಕೂತು 'ಕೆನಡಾ ಗಣರಾಜ್ಯ' ಘೋಷಿಸಿದ. ಅವರಿಗೆ ಸಾಮಾನು ಸಾಗಿಸುತ್ತಿದ್ದ ಕ್ಯಾರೊಲಿನ್ ಎಂಬ ಅಮೆರಿಕದ ಹಡಗನ್ನು ಡಿಸೆಂಬರ್ 29ರ ರಾತ್ರಿ ಬ್ರಿಟಿಷ್ ಕಡೆಯವರು ಅಮೆರಿಕದ ದಡಕ್ಕೇ ಹೋಗಿ ಹಿಡಿದು, ಬೆಂಕಿ ಹಚ್ಚಿ, ಜಲಪಾತದ ಕಡೆ ತೇಲಿಬಿಟ್ಟರು. ಯುದ್ಧವೇ ಆಗುವ ಸ್ಥಿತಿ. ಗಡಿ ದಾಟಿ ಹೊಡೆದು 'ಆತ್ಮರಕ್ಷಣೆ' ಅನ್ನಬೇಕಾದರೆ ಅಪಾಯ ಎಷ್ಟು ಹತ್ತಿರ ಇರಬೇಕು ಅಂತ ಆಮೇಲೆ ಎರಡೂ ದೇಶ ಪತ್ರದಲ್ಲಿ ವಾದ ಮಾಡಿದವು. ಒಂದು ದೇಶ ಇನ್ನೊಂದರ ಮೇಲೆ ದಾಳಿ ಮಾಡಿದಾಗ ಕಾನೂನು ಪಂಡಿತರು ಇವತ್ತಿಗೂ ಈ ಹಡಗಿನ ಹೆಸರು ಎತ್ತುತ್ತಾರೆ.

ಲೌಂಟ್‌ಗೆ ಅದೃಷ್ಟ ಇರಲಿಲ್ಲ. ಅವನೂ ಪೀಟರ್ ಮ್ಯಾಥ್ಯೂಸ್ ಎಂಬ ರೈತನೂ ಸಿಕ್ಕಿಬಿದ್ದರು. ಸಾವಿರಾರು ಜನ ಸಹಿ ಹಾಕಿ ಕ್ಷಮೆ ಕೇಳಿದರೂ ಹೊಸ ಗವರ್ನರ್ ಜಾರ್ಜ್ ಆರ್ಥರ್ ಒಪ್ಪಲಿಲ್ಲ. 1838ರ ಏಪ್ರಿಲ್ 12ರಂದು ಇಬ್ಬರನ್ನೂ ಟೊರೊಂಟೊದಲ್ಲಿ ನೇಣಿಗೆ ಹಾಕಿದರು. ಸರಿಯಾಗಿ ನೂರು ವರ್ಷಕ್ಕೆ, 1938ರ ಏಪ್ರಿಲ್ ಅದೇ ವಾರದಲ್ಲಿ, ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಏರಿಸಿದವರು ಇವರ ಹೆಸರು ಕೇಳಿರಲಿಕ್ಕಿಲ್ಲ.

ಸೋತ ಮೇಲೆ ಸಿಕ್ಕಿದ್ದು ಹೇಗೆ

ಒಂದಲ್ಲ, ಎರಡು ವಸಾಹತುಗಳಲ್ಲಿ ದಂಗೆ ಎದ್ದದ್ದು ಲಂಡನ್ನಿಗೆ ತಲೆನೋವಾಯಿತು. ಅಮೆರಿಕ ಕೈತಪ್ಪಿ ಇನ್ನೂ ಬಹಳ ಕಾಲ ಆಗಿರಲಿಲ್ಲ. ಯಾಕೆ ಹೀಗಾಯಿತು ನೋಡಿ ಬಾ ಅಂತ ಲಾರ್ಡ್ ಡರಮ್‌ನನ್ನು ಕಳಿಸಿದರು. ಅವನು 1838ರಲ್ಲಿ ಐದಾರು ತಿಂಗಳು ಇದ್ದು ಹೋಗಿ 1839ರಲ್ಲಿ ವರದಿ ಕೊಟ್ಟ. ಅದರಲ್ಲಿ ಎರಡು ಮುಖ್ಯ ಸಲಹೆ. ಒಂದು, ಎರಡೂ ಕೆನಡಾಗಳನ್ನು ಸೇರಿಸಿ, ಫ್ರೆಂಚರು ನಿಧಾನಕ್ಕೆ ಇಂಗ್ಲಿಷರಲ್ಲಿ ಕರಗಿಹೋಗಲಿ. ಕ್ವಿಬೆಕ್‌ನವರು ಇದನ್ನು ಇವತ್ತಿಗೂ ಕ್ಷಮಿಸಿಲ್ಲ. ಇನ್ನೊಂದು, ಒಳಾಡಳಿತದಲ್ಲಿ ಗವರ್ನರ್ ಸಭೆಯ ವಿಶ್ವಾಸ ಇರುವ ಮಂತ್ರಿಗಳ ಮಾತು ಕೇಳಲಿ. ಈ ವಿಚಾರವನ್ನು ಡರಮ್‌ಗೆ ಬಿಡಿಸಿ ಹೇಳಿದವರಲ್ಲಿ ಬಾಲ್ಡ್ವಿನ್ ಒಬ್ಬ.

ಲಂಡನ್ ಮೊದಲನೆಯದನ್ನು 1841ರಲ್ಲೇ ಮಾಡಿತು, ಎರಡನೆಯದಕ್ಕೆ ಮೀನ ಮೇಷ ಎಣಿಸಿತು. ಬಾಲ್ಡ್ವಿನ್ ಕ್ವಿಬೆಕ್‌ನ ಫ್ರೆಂಚ್ ನಾಯಕ ಲಾಫೊಂಟೆನ್ ಜೊತೆ ಕೈಜೋಡಿಸಿದ. ಲಾಫೊಂಟೆನ್‌ಗೆ ತನ್ನೂರಲ್ಲಿ ಗೆಲ್ಲಲು ಬಿಡದಿದ್ದಾಗ, ಟೊರೊಂಟೊ ಪಕ್ಕದ ಇಂಗ್ಲಿಷ್ ಕ್ಷೇತ್ರದಿಂದ ಗೆಲ್ಲಿಸಿದ. ಫ್ರೆಂಚರು ಕರಗಲಿ ಅಂತ ಡರಮ್ ಹೇಳಿದ್ದ. ಇವರು ಜೊತೆಯಾಗಿ ಬಹುಮತ ಕಟ್ಟಿದರು. 1848ರಲ್ಲಿ ಚುನಾವಣೆ ಗೆದ್ದಾಗ ಗವರ್ನರ್ ಜನರಲ್ ಲಾರ್ಡ್ ಎಲ್ಗಿನ್ ಇವರನ್ನೇ ಕರೆದು ಸರ್ಕಾರ ಮಾಡಿ ಅಂದ. ಎಲ್ಗಿನ್ ಬೇರೆ ಯಾರೂ ಅಲ್ಲ, ಡರಮ್‌ನ ಅಳಿಯ.

ನಿಜವಾದ ಪರೀಕ್ಷೆ ಬಂದದ್ದು 1849ರಲ್ಲಿ. ದಂಗೆಯಲ್ಲಿ ಆಸ್ತಿ ಕಳೆದುಕೊಂಡ ಲೋವರ್ ಕೆನಡಾದವರಿಗೆ ಪರಿಹಾರ ಕೊಡುವ ಮಸೂದೆ. ದಂಗೆಕೋರರಿಗೂ ದುಡ್ಡಾ ಅಂತ ವಿರೋಧಿಗಳು ಕೂಗೆಬ್ಬಿಸಿದರು. ಹಳೆಯ ಕಾಲವಾಗಿದ್ದರೆ ಗವರ್ನರ್ ಡ್ರಾಯರಿಗೆ ಹಾಕುತ್ತಿದ್ದ. ಎಲ್ಗಿನ್‌ಗೂ ಈ ಮಸೂದೆ ಅಷ್ಟೇನೂ ಇಷ್ಟ ಇರಲಿಲ್ಲ. ಆದರೆ ಮಂತ್ರಿಗಳಿಗೆ ಬಹುಮತ ಇದೆ ಅಂತ ಸಹಿ ಹಾಕಿದ. ಗುಂಪು ಅವನ ಗಾಡಿಗೆ ಮೊಟ್ಟೆ, ಕಲ್ಲು ತೂರಿತು. ಮಾಂಟ್ರಿಯಾಲ್‌ನಲ್ಲಿದ್ದ ಪಾರ್ಲಿಮೆಂಟ್ ಕಟ್ಟಡವನ್ನೇ ಸುಟ್ಟುಹಾಕಿತು. ಸಹಿ ಹಾಗೇ ಉಳಿಯಿತು. ತಂಗಿ ಕೇಳಿದ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಸಿಗುವುದಿಲ್ಲ: ತನಗೆ ಇಷ್ಟವಿಲ್ಲದ್ದಕ್ಕೂ ಗವರ್ನರ್ ಸಹಿ ಹಾಕುವುದು.

ಇದೇ ಎಲ್ಗಿನ್ 1862ರಲ್ಲಿ ವೈಸರಾಯ್ ಆಗಿ ಭಾರತಕ್ಕೆ ಬಂದ, ಮರುವರ್ಷ ಧರ್ಮಶಾಲೆಯಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ. ಇಲ್ಲಿ ಅವನು ಯಾವ ಚುನಾಯಿತ ಸಭೆಯ ಮಾತನ್ನೂ ಕೇಳಬೇಕಾಗಿರಲಿಲ್ಲ. ಅಂಥ ಸಭೆಯೇ ಇರಲಿಲ್ಲ.

ಹಾಗಾದರೆ ದಂಗೆಯಿಂದಲೇ ಸಿಕ್ಕಿತಾ? ದಂಗೆ ಆಗದಿದ್ದರೆ ಡರಮ್ ಬರುತ್ತಿರಲಿಲ್ಲ, ಅದು ಖರೆ. ಆದರೆ ಡರಮ್ ಬರೆದದ್ದು, ಎಲ್ಗಿನ್ ಒಪ್ಪಿದ್ದು ಬಾಲ್ಡ್ವಿನ್ ಕೇಳಿದ್ದನ್ನು. ಮೆಕೆಂಜಿ ಕೇಳಿದ ಗಣರಾಜ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಮೆಕೆಂಜಿ ವಾಪಸ್ ಬಂದ

ಅಮೆರಿಕದಲ್ಲಿ ಅವನ ಬದುಕು ಸುಖದ್ದಾಗಿರಲಿಲ್ಲ. ಬೇರೆ ದೇಶದ ಜಗಳದಲ್ಲಿ ತಲೆಹಾಕಬಾರದು ಅನ್ನುವ ಅಲ್ಲಿನ ತಟಸ್ಥತೆಯ ಕಾನೂನು ಮುರಿದ ಅಂತ ರಾಚೆಸ್ಟರ್‌ನಲ್ಲಿ ಜೈಲು. ಅವನು ಒಳಗಿದ್ದಾಗಲೇ ತಾಯಿ ತೀರಿಕೊಂಡರು. ತಾನು ಕನಸು ಕಂಡಿದ್ದ ಗಣರಾಜ್ಯವನ್ನು ಹನ್ನೆರಡು ವರ್ಷ ಹತ್ತಿರದಿಂದ ನೋಡಿದ. 1849ರಲ್ಲಿ ಲಂಡನ್ನಿನ ವಸಾಹತು ಮಂತ್ರಿಗೆ ಪತ್ರ ಬರೆದು, ನಮ್ಮ ದಂಗೆ ಗೆದ್ದಿದ್ದರೆ ಕೆನಡಾದ ಜನಕ್ಕೆ ಕೆಡುಕೇ ಆಗುತ್ತಿತ್ತು ಅಂತ ಒಪ್ಪಿಕೊಂಡ. ಅದೇ ವರ್ಷ, ಬಾಲ್ಡ್ವಿನ್ ಮತ್ತು ಲಾಫೊಂಟೆನ್ ಸರ್ಕಾರದ ಕಾಲದಲ್ಲಿ, ಕ್ಷಮಾದಾನ ಬಂತು. 1850ರಲ್ಲಿ ವಾಪಸ್ ಬಂದ, 1851ರಲ್ಲಿ ಮತ್ತೆ ಚುನಾವಣೆ ಗೆದ್ದ. ಸಭೆಗೆ ಹೋಗಿ ಮಾಡಿದ್ದೇನು? ಅದೇ ಬಾಲ್ಡ್ವಿನ್ ಸರ್ಕಾರದ ಮೇಲೆ ಹರಿಹಾಯ್ದ. ಬಾಲ್ಡ್ವಿನ್ ಬೇಸತ್ತು ರಾಜೀನಾಮೆ ಕೊಟ್ಟ. ಮೆಕೆಂಜಿ ಬದಲಾಗುವ ಆಸಾಮಿ ಅಲ್ಲ. 1861ರಲ್ಲಿ ಟೊರೊಂಟೊದ ಬಾಂಡ್ ಸ್ಟ್ರೀಟ್‌ನ ಮನೆಯಲ್ಲಿ ತೀರಿಕೊಂಡ. ಆ ಮನೆ ಈಗ ಮ್ಯೂಸಿಯಂ, ಒಳಗೆ ಹಳೆಯ ಕಾಲದ ಅಚ್ಚುಕೂಟವೂ ಇದೆ. ಮಗಳ ಮಗ ಮೆಕೆಂಜಿ ಕಿಂಗ್ ಮುಂದೆ ಕೆನಡಾದ ಪ್ರಧಾನಿಯಾಗಿ ಒಟ್ಟು 21 ವರ್ಷಕ್ಕೂ ಹೆಚ್ಚು ಕಾಲ ಆಳಿದ.

ಮಾಂಟ್ಗೊಮರಿಯ ತಂಗುಮನೆ ಇದ್ದ ಜಾಗ ಇರುವುದು ಎಗ್ಲಿಂಟನ್ ಮೆಟ್ರೊ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಈಗ ಅಲ್ಲಿ ಎತ್ತರದ ಅಪಾರ್ಟ್‌ಮೆಂಟ್. ತಂಗಿ ಆಫೀಸಿಗೆಂದು ವಾರಕ್ಕೆರಡು ದಿನ ಅದೇ ಸ್ಟೇಷನ್ನಿನಲ್ಲಿ ಇಳಿಯುತ್ತಾಳಂತೆ, ಇಷ್ಟು ದಿನ ಗೊತ್ತೇ ಇರಲಿಲ್ಲ ಅಂದಳು. ಎಲ್ಲ ಕೇಳಿಸಿಕೊಂಡು, "ಪರೀಕ್ಷೆ ಪಾಸಾದ್ರೆ ಪ್ರಮಾಣ ಮಾಡಿಸ್ತಾರೆ ಅಣ್ಣಾ. ಅದರಲ್ಲಿ ಏನಿದೆ ಗೊತ್ತಾ? ಮೂರನೇ ಚಾರ್ಲ್ಸ್ ದೊರೆಗೆ ನಿಷ್ಠೆಯಿಂದ ಇರ್ತೀನಿ ಅಂತ" ಅಂದು ನಕ್ಕಳು.